ಪಾಸ್‌ವರ್ಡ್: ನಮ್ಮೂರು

ತಪ್ಪು ನನ್ನದೇ. ಶಹಾಪುರದ ಒಂದು ನೀರು ಬಳಕೆದಾರರ ಸಂಘದಲ್ಲಿ ಆಗ ನಾನು ಕಂಪ್ಯೂಟರ್ ಆಪರೇಟರ್. ‘ಈಗಲೇ ಅಪ್‌ಡೇಟ್ ಮಾಡಲೇ, ಆಮೇಲೆ ನೆನಪಿಸಲೇ?’ ಎಂದು ಯಂತ್ರ ತಿಂಗಳುಗಟ್ಟಲೆ ಕೇಳುತ್ತಲೇ ಇತ್ತು, ಮದುವೆಮನೆಯಲ್ಲಿ ಊಟಕ್ಕೆ ಕರೆಯುವವರ ಹಾಗೆ. ಅಂದು ಸುಸಲಾ–ಮಿರ್ಚಿ ತಿನ್ನಲು ಹೊರಡುವ ಆತುರದಲ್ಲಿ ‘ಈಗಲೇ’ ಒತ್ತಿದೆ. ಒಂದಕ್ಕೆ ಹೊಸ ಅಂಗಿ ತೊಡಿಸಿ ಇನ್ನೊಂದಕ್ಕೆ ಬಿಟ್ಟರೆ ಮುನಿದೀತೆಂದು ಕಚೇರಿಯ ಎರಡನೇ ಕಂಪ್ಯೂಟರಿನಲ್ಲೂ ಒತ್ತಿದೆ.

ಬೆರಳಿನ ಎಣ್ಣೆ ಪ್ಯಾಂಟಿಗೆ ಒರೆಸಿಕೊಂಡು ವಾಪಸು ಬಂದಾಗ ಎರಡೂ ಮದುಮಕ್ಕಳಂತೆ ಮಿಂಚುತ್ತಿದ್ದವು. ಝಡ್ ಡ್ರೈವ್ ಮೇಲೆ ಮಾತ್ರ ಕೆಂಪು ಗುಣಾಕಾರ ಚಿಹ್ನೆ.

ಝಡ್ ಡ್ರೈವ್ ಅಂದರೆ ಕಾರ್ಯದರ್ಶಿಗಳ ಅಲಮಾರಿಯಲ್ಲಿ ಕೂತ ಒಂದು ಕಪ್ಪು ಡಬ್ಬಿ. ಸಂಘದ ಕಡತಗಳೆಲ್ಲ ಅದರಲ್ಲೇ. ಕಾಲುವೆ ನೀರು ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ಎಂಬ ಪಾಳಿ ಪಟ್ಟಿ ಕೂಡ.

ಅಷ್ಟರಲ್ಲಿ ಸಗರದ ಅಕ್ಕ ಒಬ್ಬರು ಬಂದರು. ಕಾಲುವೆಯ ತುದಿಯಲ್ಲಿ ಅವರ ಹೊಲ.

“ತಮ್ಮಾ, ಪಾಳಿ ಕಾಗದ ಒಂದ್ ತೆಗದ್ ಕೊಡಪಾ. ನಾಕಕ್ಕ ತೂಬ ತೆಗೀತಾರ. ಮ್ಯಾಲಿನ ಹೊಲದಾಂವ ಇವತ್ತ ನಂದೇ ಪಾಳಿ ಅನ್ನಾಕತ್ಯಾನ. ಸಂಘದ ಕಾಗದ ತಂದ್ರ ಬಿಡ್ತೀನಿ ಅಂದಾನ. ಇವತ್ತ ತಪ್ಪಿತಂದ್ರ ಮತ್ತ ಹದಿನೈದ ದಿನ. ಮೆಣಸಿನಗಿಡ ಹೂವಿಗಿ ಬಂದಾವ, ಅಷ್ಟರಾಗ ಎಲ್ಲಾ ಉದರಿ ಹೋಗ್ತಾವ.”

“ಪಟ್ಟಿ ಡಬ್ಬ್ಯಾಗ ಅದರಿ ಅಕ್ಕಾ. ಡಬ್ಬಿ ನನ್ನ ಗುರ್ತಾ ಹಿಡೀವಲ್ದು.”

“ಗುರ್ತಾ ಹಿಡೀಲಾರದಂಗ ನೀ ಏನ್ ಮಾಡ್ಕೊಂಡಿ?”

ಮಾಡಿದ್ದನ್ನು ಹೇಳಲಿಲ್ಲ. ಗಂಭೀರ ಮುಖ ಮಾಡಿ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ತಂತಿ ಕಿತ್ತು, ತುದಿಗೆ ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದೆ. ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು. ಅಂದರೆ ತಂತಿ ಸರಿ, ಡಬ್ಬಿಯೂ ಸರಿ. ಚಿಹ್ನೆಯ ಮೇಲೆ ಎರಡು ಸಲ ಒತ್ತಿದಾಗ ವಿಷಯ ಗೊತ್ತಾಯಿತು. ಅದು ಪಾಸ್‌ವರ್ಡ್ ಕೇಳುತ್ತಿತ್ತು. ಇಷ್ಟು ದಿನ ಕಂಪ್ಯೂಟರೇ ನೆನಪಿಟ್ಟುಕೊಂಡು ಹೇಳುತ್ತಿದ್ದ ಪಾಸ್‌ವರ್ಡನ್ನು ಅಪ್‌ಡೇಟ್ ಒರೆಸಿ ಹಾಕಿತ್ತು. ಅದನ್ನು ಇಟ್ಟವರು ನಿವೃತ್ತರಾದ ಹಿರಿಯ ಗುಮಾಸ್ತರು. ಅವರು ಕಣ್ಣಿನ ಆಪರೇಷನ್ನಿಗೆ ಹೈದರಾಬಾದಿನಲ್ಲಿದ್ದರು, ಫೋನ್ ಬಂದ್.

ಡಬ್ಬಿ ಎತ್ತಿ ನೋಡಿದರೆ ತಳದಲ್ಲಿ ಅವರದೇ ದುಂಡು ಅಕ್ಷರದ ಚೀಟಿ: ‘ಪಾಸ್‌ವರ್ಡ್ – ನಮ್ಮೂರು. ಇಂಗ್ಲಿಷ್. ಎಲ್ಲ ಸಣ್ಣ ಅಕ್ಷರ.’

“ಹತ್ತೇರಿ, ಇಷ್ಟೇನಾ? ಹೊಡಿ, ಮುದನಾಳ!” ಎಂದರು ನನ್ನ ಹಿಂದೆ ನಿಂತು ಇಣುಕುತ್ತಿದ್ದ ಕಾರ್ಯದರ್ಶಿಗಳು. ಅವರ ಊರು ಮುದನಾಳ.

ಡಬ್ಬಿ ಒಪ್ಪಲಿಲ್ಲ. ನಾನು ಜಾಣ. ಯಾದಗಿರಿ ಎಂದು ಹೊಡೆದೆ. ನನ್ನೂರು ಅದು. ಅದಕ್ಕೂ ಒಪ್ಪಲಿಲ್ಲ.

“ಸಗರ ಹಾಕ್ ನೋಡು,” ಎಂದರು ಅಕ್ಕ. “ಹಳೇ ಊರದು, ಡಬ್ಬಿಗಿ ಗೊತ್ತಿರ್ತದ.”

ಅದನ್ನೂ ಹಾಕಿದೆ. ಈಗ ಪರದೆ ಎಚ್ಚರಿಸಿತು: ಇನ್ನು ಮೂರು ಸಲ ತಪ್ಪಿದರೆ ಇಪ್ಪತ್ನಾಲ್ಕು ತಾಸು ಬೀಗ. ಚೀಟಿ ಬರೆದವರ ಊರು ಯಾವುದೆಂದು ಮೂವರೂ ಆಗ ಯೋಚಿಸಿದೆವು.

“ಸುರಪುರದಾಂವ ಅಲ್ಲೇನೋ ಅಂವಾ!” ಕಾರ್ಯದರ್ಶಿಗಳು ಹಣೆ ಬಡಿದುಕೊಂಡರು.

‘ಸುರಪುರ’ ಎಂದು ಹೊಡೆದೆ. ತಪ್ಪು. ಕೊನೆಯ ‘ಅ’ಕಾರ ಕಿತ್ತು ‘ಸುರಪುರ್’ ಮಾಡಿದೆ. ಅದೂ ತಪ್ಪು. ಉಳಿದದ್ದು ಒಂದೇ ಸಲ. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಅದನ್ನು ನೋಡಲಾಗದೆ ಎದ್ದೆ.

ಗುಮಾಸ್ತರ ಅಣಕು ನನ್ನ ಹಳೇ ಕಸುಬು. ಅವರ ಬೀಳ್ಕೊಡುಗೆಯ ದಿನ ಅವರಿಗಿಂತ ಮೊದಲು ಅವರ ಭಾಷಣ ಮಾಡಿ ಬೈಸಿಕೊಂಡವನು. ಅವರ ಕುರ್ಚಿಯಲ್ಲಿ ಕೂತೆ. ಇಲ್ಲದ ಚಷ್ಮವನ್ನು ಮೂಗಿನ ತುದಿಗಿಳಿಸಿ, ಕೆಳದುಟಿಯಲ್ಲಿ ಎಲೆಯಡಿಕೆ ತಡೆದು, ಎಡಗೈಯಲ್ಲಿ ಫೋನ್ ಎತ್ತಿದಂತೆ ಮಾಡಿದೆ.

“ಏ, ಆಟ ಆಡೂ ಟೈಮಲ್ಲ ಇದು!” ಕಾರ್ಯದರ್ಶಿಗಳು ಗದರಿದರು.

“ಹಲೋ, ಯಾರ್ರಿ?” ಎಂದೆ ಗುಮಾಸ್ತರ ಗೊಗ್ಗರು ದನಿಯಲ್ಲಿ. “ನಾ ಶೋರಾಪುರದಾಂವ ಮಾತಾಡಾಕತ್ತೇನಿ!”

ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಶೋರಾಪುರ! ಬೋರ್ಡುಗಳೆಲ್ಲ ಸುರಪುರವಾದರೂ ಆ ಮನುಷ್ಯನ ನಾಲಿಗೆಯಲ್ಲಿ ಊರು ಬದಲಾಗಿರಲಿಲ್ಲ. ಬಸ್ಸಿನ ಕಂಡಕ್ಟರ್ ‘ಸುರಪುರ’ ಅಂದರೂ ತಿದ್ದುತ್ತಿದ್ದರು. ಹಳೇ ನಕ್ಷೆಗಳಲ್ಲಿರುವಂತೆ ಒಂದೊಂದೇ ಅಕ್ಷರ ಒತ್ತಿದೆ. ಎಸ್, ಎಚ್, ಓ… ಕೆಂಪು ಚಿಹ್ನೆ ಮಾಯವಾಯಿತು.

ಪಟ್ಟಿಯಲ್ಲಿ ಅಕ್ಕನ ಹೆಸರಿನ ಮುಂದೆ ಆ ದಿನದ ತಾರೀಖು, ನಾಲ್ಕರಿಂದ ಏಳು. ಮುದ್ರಿಸಿದ ಕಾಗದದ ಮೇಲೆ ಕಾರ್ಯದರ್ಶಿಗಳು ಮೇಜು ಅಲ್ಲಾಡುವ ಹಾಗೆ ಶಿಕ್ಕಾ ಹೊಡೆದರು.

“ನೀನೂ ಕಾಲುವಿಗಿ ಬಾ,” ಎಂದರು ಅಕ್ಕ. “ಇಂಜಿನಿಯರ್ ಸಾಹೇಬನ ದನಿ ಬರ್ತದೇನ್ ನಿನಗ? ಅದರಾಗ ಕಾಗದ ಓದು. ಅಂಜ್ತಾನ ಮ್ಯಾಲಿನ ಹೊಲದಾಂವ.”

“ಬ್ಯಾಡ್ರಿ ಅಕ್ಕಾ. ದನಿ ಸುಳ್ಳಂತ ಗೊತ್ತಾದ್ರ ಕಾಗದನೂ ಸುಳ್ಳ ಅಂತಾನ.”

ನನ್ನ ಬೈಕಿನಲ್ಲಿ ಅವರನ್ನು ಕೂರಿಸಿಕೊಂಡು ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕಾಲುವೆಯ ಏರಿಯನ್ನು ಮುಟ್ಟಿದೆ. ಮೇಲಿನ ಹೊಲದವನು ಅಲ್ಲೇ ನಿಂತಿದ್ದ. ನನ್ನ ಅಣಕುಗಳನ್ನು ಶಹಾಪುರದ ಚಹಾದಂಗಡಿಯಲ್ಲಿ ನೋಡಿ ನಕ್ಕವನೇ. ಕಾಗದ ಬಿಚ್ಚಿ ಓದಿದೆ.

ಅವನು ಕಿವಿ ಮುಂದೆ ಮಾಡಿ ಕೇಳಿದ. “ಇದ್ ಯಾರ ದನಿಲೇ?”

“ನಂದ್ರಿ.”

“ಇದೊಂದು ಬರೋಬರಿ ಬರಂಗಿಲ್ಲ ನಿನಗ.”

ಕಾಗದ ಇಸಿದುಕೊಂಡು ಶಿಕ್ಕಾದ ಮೇಲೆ ಹೆಬ್ಬೆರಳು ಉಜ್ಜಿದ. ಶಾಯಿ ಇನ್ನೂ ಹಸಿಯಿದ್ದು ಬೆರಳಿಗೆ ಹತ್ತಿತು. ಬೆರಳನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, “ತಗೋ ಯಕ್ಕಾ, ನಿಂದೇ ಪಾಳಿ. ನಾನೇ ಪಾಳಿ ದಿನ ತಪ್ಪ ಎಣಿಸೀನಿ,” ಎನ್ನುತ್ತ ತನ್ನ ಹೊಲಕ್ಕೆ ನೀರು ತಿರುಗುವ ಬಾಯಿಗೆ ತಾನೇ ಮಣ್ಣೊಡ್ಡಿದ. ಮೇಲೆಲ್ಲೋ ತೂಬು ತೆರೆದ ಸದ್ದು. ಅಕ್ಕ ಚಪ್ಪಲಿ ಕಳಚಿ, ಸೀರೆ ಎತ್ತಿ ಕಟ್ಟಿ, ನೀರು ಬರುವ ಮೊದಲೇ ಸಾಲಿಗಿಳಿದರು.