ಗೋಡೆಯಾಚೆ ಹೋದ ಆಯಿ ಮತ್ತು ಕೊಕ್ಕಿನ ಗಿಡ

ಮಸ್ಕತ್ತಿನ ಘಾಲಾದ ಗ್ಯಾರೇಜುಗಳ ಬೆನ್ನಿಗೆ ಇನ್ನೂ ಬಯಲು ಉಳಿದಿದ್ದ ಕಾಲವದು. ವಾರವೆಲ್ಲ ಸುತ್ತಿಗೆಯ ಸದ್ದು, ಸುಟ್ಟ ಎಂಜಿನ್ ಎಣ್ಣೆಯ ವಾಸನೆ. ಶುಕ್ರವಾರ ಮಾತ್ರ ಎಲ್ಲವೂ ಸುಮ್ಮನಾಗಿ, ನಮ್ಮ ಅಡುಗೆಮನೆಯ ಒಗ್ಗರಣೆ ನಮಗೇ ಕೇಳಿಸುತ್ತಿತ್ತು. ಚಳಿಗಾಲದಲ್ಲಿ ಒಂದೆರಡು ಮಳೆ ಬಿದ್ದರೆ ಆ ಬಯಲಿನ ಕಲ್ಲುಗಳ ನಡುವೆ ಹಸಿರು ಚಿಗುರುತ್ತಿತ್ತು. ಮಸ್ಕತ್ತಿನಲ್ಲಿ ಬೆಳೆದ ಮಕ್ಕಳಿಗೆ ಅಷ್ಟೇ ತೋಟ, ಅಷ್ಟೇ ಹೊಲ. ನಾವು ಅದರಲ್ಲೇ ಕುಂಟಾಬಿಲ್ಲೆ ಆಡಿದೆವು, ಮೊಣಕಾಲು ತರಚಿಕೊಂಡೆವು.

ನನಗೆ ಹತ್ತು ವರ್ಷವಾಗಿದ್ದ ಅಂಥದೊಂದು ಚಳಿಗಾಲದಲ್ಲಿ ಸವದತ್ತಿ ಸೀಮೆಯ ಹಳ್ಳಿಯಿಂದ ನಮ್ಮ ಆಯಿ ವಿಸಿಟ್ ವೀಸಾದ ಮೇಲೆ ಬಂದಳು. ಅಪ್ಪನ ತಾಯಿಯನ್ನು ನಮ್ಮ ಕಡೆ ‘ಆಯಿ’ ಎನ್ನುತ್ತೇವೆ. ಅಪ್ಪ ಘಾಲಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ, ಅವ್ವ ಮನೆಯನ್ನು. ನಾನು ಒಬ್ಬಳೇ ಮಗಳು. ಆದುದರಿಂದ ಆಯಿ ಬಂದದ್ದು ನನಗಾಗಿಯೇ ಎಂದು ನಾನು ನಿರ್ಧರಿಸಿದ್ದೆ. ಈ ನಿರ್ಧಾರಕ್ಕೆ ಕಾರಣವೂ ಇತ್ತು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಆಯಿ ನನ್ನನ್ನು ಹೊಲದ ಬದುವಿಗೆ ಕರೆದೊಯ್ಯುತ್ತಿದ್ದಳು. ಯಾವುದಾದರೂ ಎಲೆ ಚಿವುಟಿ, ಮೊದಲು ತಾನು ಜಗಿದು ನೋಡಿ, ಆಮೇಲೆ ಸಾಸಿವೆಯಷ್ಟನ್ನು ನನ್ನ ನಾಲಿಗೆಯ ತುದಿಗೆ ಇಡುತ್ತಿದ್ದಳು.

“ಹೇಳ ತಂಗಿ, ಏನ ರುಚಿ?”

ಕಹಿ, ಖಾರ, ಒಗರು, ಹುಳಿ, ನಾನು ಹೇಳಬೇಕು. ರುಚಿ ಹೇಳಿದ ಮೇಲೆ ಗುಣ ಹೇಳುವುದು ಅವಳ ಕ್ರಮ. “ಕಹಿ ಜ್ವರಾ ಇಳಸತೈತಿ. ಒಗರು ಹರಿಯೂದನ್ನ ನಿಲ್ಲಸತೈತಿ. ರಕ್ತ ಇರಲಿ, ಹೊಟ್ಟಿ ಇರಲಿ.” ಚಿಕ್ಕಪ್ಪನ ಮಕ್ಕಳು ಸುತ್ತ ಕುಣಿದರೂ ಅವರ ನಾಲಿಗೆಗೆ ಆಯಿ ಏನನ್ನೂ ಇಟ್ಟವಳಲ್ಲ. “ಅವಕ್ಕ ಬೆಲ್ಲ ಒಂದ ಗೊತ್ತಾಗೂದು” ಎನ್ನುತ್ತಿದ್ದಳು. ಆ ಗೌರವ ನನ್ನೊಬ್ಬಳದು.

ನಮ್ಮ ಮನೆಗೂ ಮನೆಮಾಲೀಕರ ಮನೆಗೂ ನಡುವೆ ಒಂದೇ ಗೋಡೆ. ಮಾಲೀಕರ ತಾಯಿ ಉಮ್ಮ್ ಸಾಲಿಮ್ ಆಯಿಯದೇ ವಯಸ್ಸಿನವಳು. ಅವಳ ಮೊಮ್ಮಗಳು ಶಮ್ಸಾ ನನ್ನದೇ ವಯಸ್ಸಿನವಳು. ಆಯಿ ಬಂದ ಮೂರನೆಯ ದಿನವೇ ಕಹ್ವಾ ಕುಡಿಯಲು ಕರೆ ಬಂತು. ಪರರ ಮನೆಯಲ್ಲಿ ನೀರು ಮುಟ್ಟಲು ಹಿಂದೆಮುಂದೆ ನೋಡುವ ಆಯಿ ಹೋಗುತ್ತಾಳೆಯೇ ಎಂದು ಅವ್ವನಿಗೆ ಅನುಮಾನ. “ಖರ್ಜೂರಕ್ಕ ಎಲ್ಲಿ ಮೈಲಿಗಿ ಬೇ? ಅದು ಗಿಡದ ಮ್ಯಾಲಿಂದು” ಎಂದು ಆಯಿ ಸೆರಗು ಸರಿಮಾಡಿಕೊಂಡು ಎದ್ದಳು. ಶಾಲೆಯಲ್ಲಿ ಅರಬ್ಬೀ ಓದುತ್ತಿದ್ದ ನಾನು ದುಭಾಷಿಯಾಗಿ ಹೊರಟೆ. ಅರಬ್ಬೀಯಲ್ಲಿ ನನಗೆ ತರಗತಿಗೇ ಹೆಚ್ಚಿನ ಅಂಕಗಳು; ಲಿಂಗ, ವಚನ, ಕಾಲ ಯಾವುದರಲ್ಲೂ ತಪ್ಪುತ್ತಿರಲಿಲ್ಲ.

ಏಲಕ್ಕಿಯ ಘಮದ ಹಾಲಿಲ್ಲದ ಕಾಫಿಯನ್ನು ಉಮ್ಮ್ ಸಾಲಿಮ್ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸುರಿದಳು. ಆಯಿ ಕುಡಿದಳು, ಉಮ್ಮ್ ಸಾಲಿಮ್ ಮತ್ತೆ ಸುರಿದಳು. ಇವಳು ಮತ್ತೆ ಕುಡಿದಳು, ಅವಳು ಮತ್ತೆ ಸುರಿದಳು.

“ಇದೇನ ತಂಗಿ, ತುಂಬಾಕ ಹತ್ತ್ಯಾಳ ಒಂದ ಸವನ! ನನಗ ಸಂಡಾಸಕ್ಕ ಹೋಗೂ ಹಂಗಾಗೇತಿ.”

“ಏನಂತಾಳೆ, ಯಾ ಬಿಂತಿ, ಮಗಳೇ?” ಎಂದು ಉಮ್ಮ್ ಸಾಲಿಮ್ ಕೇಳಿದಳು.

“ಕಾಫಿ ಬಹಳ ಚೆನ್ನಾಗಿದೆ ಎನ್ನುತ್ತಾಳೆ” ಎಂದು ನಾನು ಶುದ್ಧ ಅರಬ್ಬೀಯಲ್ಲಿ ಅನುವಾದಿಸಿದೆ. ಬಟ್ಟಲು ಮತ್ತೊಮ್ಮೆ ತುಂಬಿತು, ಆಯಿ ಅದನ್ನೂ ಬರಿದುಮಾಡಿದಳು. ಆಗ ಮೂಲೆಯಲ್ಲಿ ಕುಳಿತಿದ್ದ ಶಮ್ಸಾ ಎದ್ದು ಬಂದು, ಮದರಂಗಿಯ ಕೈಯಿಂದ ಆಯಿಯ ಮಣಿಕಟ್ಟು ಹಿಡಿದು, ಖಾಲಿ ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲುಗಿಸಿ ತೋರಿಸಿದಳು. ಅಲುಗಿಸಿದರೆ ಸಾಕು ಎಂದರ್ಥ. ಆಯಿ ಅಲುಗಿಸಿದಳು, ಸುರಿಯುವುದು ನಿಂತಿತು. ಇಬ್ಬರು ಮುದುಕಿಯರೂ ಬಿದ್ದು ಬಿದ್ದು ನಕ್ಕರು. ಆಯಿಯ ಮಣಿಕಟ್ಟನ್ನು ಶಮ್ಸಾ ಇನ್ನೂ ಬಿಟ್ಟಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಒಳ್ಳೆಯ ಮಳೆಯಾದ ಮರುವಾರ ಉಮ್ಮ್ ಸಾಲಿಮ್ ನಮ್ಮನ್ನು ರುಸ್ತಾಖ್ ಕಡೆಯ ತನ್ನ ಬೆಟ್ಟದ ಹಳ್ಳಿಗೆ ಕರೆದೊಯ್ದಳು. ಪಿಕಪ್ಪಿನ ಮುಂದೆ ಮುದುಕಿಯರು, ಹಿಂದೆ ಚಾಪೆಯ ಮೇಲೆ ನಾನು ಮತ್ತು ಶಮ್ಸಾ. ಫಲಜ್ ಎಂಬ ಕಲ್ಲಿನ ಕಾಲುವೆಯಲ್ಲಿ ತಣ್ಣಗಿನ ನೀರು ಹರಿಯುತ್ತಿತ್ತು. ಕಾಲುವೆಯ ಪಕ್ಕ ಎಲೆ ಉದುರಿದ ದಾಳಿಂಬೆ ಗಿಡಗಳು. ಅವುಗಳ ಬುಡದ ತೇವದಲ್ಲಿ ಆ ಗಿಡ.

ಅಂದು ಅದರ ಹೆಸರು ನನಗೆ ತಿಳಿಯದು, ಇಂದು ತಿಳಿದಿದೆ. ಅದು ಕಾಡು ಜೆರೇನಿಯಂ. ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿಯೇ ಮಸ್ಕತ್ ಸೇರಿಕೊಂಡಿದೆ. ಮೊಣಕಾಲು ಮುಟ್ಟದಷ್ಟು ಎತ್ತರ, ರೋಮ ತುಂಬಿದ ಕೆಂಪು ಛಾಯೆಯ ಕಾಂಡ. ಬಿಡಿಸಿದ ಅಂಗೈಯಂತೆ ಐದಾಗಿ ಸೀಳಿದ ದುಂಡನೆಯ ಎಲೆ. ಐದೆಸಳಿನ ನಸುನೇರಳೆ ಹೂವು, ಅದರ ಗಂಟಲಲ್ಲಿ ಕಾಡಿಗೆ ಬಳಿದಂಥ ಕಪ್ಪು. ಹೂವುದುರಿದ ಮೇಲೆ ನಿಲ್ಲುವ ಕಾಯಿ ಥೇಟು ಕೊಕ್ಕರೆಯ ಕೊಕ್ಕು. ಬಲಿತಾಗ ಅದು ಬುಡದಿಂದ ಐದು ಪಟ್ಟಿಗಳಾಗಿ ಸಿಡಿದು ಮೇಲಕ್ಕೆ ಸುರುಳಿಯಾಗುತ್ತದೆ.

“ಇದಕ್ಕ ಏನಂತಾರ, ಕೇಳ ಅಕಿನ್ನ” ಎಂದಳು ಆಯಿ.

ಕೇಳಿದೆ. ಉಮ್ಮ್ ಸಾಲಿಮ್ ಏನೋ ಹೇಳಿದಳು. ನಮ್ಮ ಪಠ್ಯದಲ್ಲಿ ಇಲ್ಲದ, ಬೆಟ್ಟದವರ ಪದ. ಯಾವುದಕ್ಕೆ ಬಳಸುತ್ತೀರಿ ಎಂದೆ. ಅದಕ್ಕೂ ಉದ್ದನೆಯ ಉತ್ತರ ಬಂತು. ನನಗೆ ಒಂದು ಕ್ರಿಯಾಪದವೂ ದಕ್ಕಲಿಲ್ಲ. ನಾನು ಬಾಯಿ ತೆರೆದು ನಿಂತಿರುವಾಗಲೇ ಆಯಿ ಎಲೆ ಚಿವುಟಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಜಗಿದು, ದಾಳಿಂಬೆ ಗಿಡದಲ್ಲಿ ಒಣಗಿ ನೇತಾಡುತ್ತಿದ್ದ ಕಾಯಿಯೊಂದರ ಸಿಪ್ಪೆಯನ್ನು ಮುಟ್ಟಿ, ಆಮೇಲೆ ತನ್ನ ಹೊಟ್ಟೆ ಮುಟ್ಟಿಕೊಂಡಳು. ಅದೇ ಒಗರು, ಅದೇ ಗುಣ. ಉಮ್ಮ್ ಸಾಲಿಮ್ ತೊಡೆ ತಟ್ಟಿಕೊಂಡು “ಮಾಶಾಅಲ್ಲಾ!” ಎಂದಳು. ಹೊಟ್ಟೆ ಹೌದು, ಎಂದು ತಲೆಯಾಡಿಸಿ, ತುಟಿ ಎತ್ತಿ ವಸಡು ತೋರಿಸಿದಳು: ಬಾಯಿ ಮುಕ್ಕಳಿಸಲೂ ಆಗುತ್ತದೆ. ಬೆರಳಿನ ಮೇಲೆ ಕುಯ್ದಂತೆ ಗೀರಿ, ಎಲೆಯನ್ನು ಅರೆದು ಒತ್ತುವಂತೆ ಮಾಡಿದಳು: ಗಾಯದ ರಕ್ತಕ್ಕೂ. ಒಬ್ಬಳು ಅರಬ್ಬೀಯಲ್ಲಿ, ಒಬ್ಬಳು ಸವದತ್ತಿಯ ಕನ್ನಡದಲ್ಲಿ, ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ನನ್ನತ್ತ ಯಾರೂ ತಿರುಗಲಿಲ್ಲ.

ಆಮೇಲೆ ಆಯಿ ಎಲೆಯ ಚೂರೊಂದನ್ನು ಬೆರಳ ತುದಿಯಲ್ಲಿ ತೆಗೆದುಕೊಂಡಳು. ನಾನು ನಾಲಿಗೆ ಚಾಚಲು ಸಿದ್ಧಳಾಗಿದ್ದೆ. ಅವಳ ಕೈ ನನ್ನನ್ನು ದಾಟಿ ಶಮ್ಸಾಳ ಮುಖದತ್ತ ಹೋಯಿತು. ಶಮ್ಸಾ ನಾಲಿಗೆ ಚಾಚಿದಳು, ಚಪ್ಪರಿಸಿದಳು; ಎರಡೂ ಕೆನ್ನೆಗಳನ್ನು ಒಳಕ್ಕೆಳೆದುಕೊಂಡು ಮೀನಿನಂತೆ ಬಾಯಿ ಮಾಡಿ ತೋರಿಸಿದಳು.

“ಶಾಣ್ಯಾಕಿ ಅದಾಳ ಹುಡುಗಿ!” ಎಂದಳು ಆಯಿ.

ಹಿಂದಿರುಗುವ ದಾರಿಯುದ್ದಕ್ಕೂ ನಾನು ಶಮ್ಸಾಳಿಗೆ ಬೆನ್ನು ಹಾಕಿ ಕುಳಿತೆ. ಅವಳು ತನ್ನ ಶಾಲನ್ನು ನನ್ನ ಕಾಲಿಗೂ ಹೊದಿಸಿದಳು. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಿತು.

ಅಂದಿನಿಂದ ದುಭಾಷಿ ಬೇಡವಾದಳು. ಮಧ್ಯಾಹ್ನ ಆಯಿ ಚಪ್ಪಲಿ ಮೆಟ್ಟುತ್ತಿದ್ದಂತೆಯೇ ನಾನೂ ಎದ್ದರೆ, “ನೀ ಅಭ್ಯಾಸ ಮಾಡ್ಕೋ ಹೋಗ, ನಾವೇನ ಅಲ್ಲಿ ಪರೀಕ್ಷಾ ಬರಿಯೂದೈತೇನ?” ಎಂದು ಆಯಿ ಹೊರಡುತ್ತಿದ್ದಳು. ನಾನು ತಾರಸಿಯಿಂದ ನೋಡುತ್ತಿದ್ದೆ. ಬೆಟ್ಟದಿಂದ ತಂದ ಗಿಡಗಳನ್ನು ನೆರಳಿನಲ್ಲಿ, ಈಚಲ ಚಾಪೆಯ ಮೇಲೆ ಅವರು ಒಣಹಾಕಿದ್ದರು. ಶಮ್ಸಾ ಆಯಿಯ ಮೊಣಕಾಲಿಗೆ ಆತುಕೊಂಡು ಮಣ್ಣು ಕೊಡವುತ್ತಿದ್ದಳು. ಹೆಣೆದಿದ್ದ ಅವಳ ಜಡೆಯನ್ನು ಆಯಿ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ನನ್ನ ಜಡೆ ಹೆಣೆಯುವ ಹಾಗೆಯೇ, ಬಾಯಲ್ಲಿ ಹಣಿಗೆ ಕಚ್ಚಿಕೊಂಡು.

ನಾನೂ ಗಿಡ ತರಬಲ್ಲೆ ಎಂದುಕೊಂಡೆ. ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಅಂಥದೇ ಕೊಕ್ಕಿನ ಗಿಡಗಳು ನೆಲಕ್ಕಂಟಿ ಹರಡಿದ್ದವು. ಅಪ್ಪನ ವರ್ಕ್‌ಶಾಪಿನ ಹುಡುಗರು ನೋಡಿ ನಗುವಂತೆ ಉಡಿ ತುಂಬ ಕಿತ್ತು, ನೇರವಾಗಿ ಗೋಡೆಯಾಚೆ ಹೋಗಿ ಆಯಿಯ ಮುಂದೆ ಸುರಿದೆ. ಶಮ್ಸಾ ಒಂದನ್ನೆತ್ತಿ ನೋಡಿದವಳೇ “ಲಾ, ಲಾ”, ಅಲ್ಲ ಅಲ್ಲ, ಎಂದು ನಕ್ಕು ಬದಿಗಿಟ್ಟಳು. ಆಯಿ ಜಗಿದು ನೋಡಿದಳು.

“ಇದು ಅದಲ್ಲ ಕೂಸ. ಇದರಾಗ ಒಗರ ಎಲ್ಲೈತಿ? ಬರೇ ಹುಲ್ಲ ತಿಂದಂಗ.”

“ಕೊಕ್ಕ ಐತೆಲಾ!”

“ಕೊಕ್ಕ ಕಾಗಿಗೂ ಇರತೈತಿ, ಗಿಣಿಗೂ ಇರತೈತಿ.”

ಎಲೆಯನ್ನು ನೋಡಲು ನನಗೆ ಕಲಿಸಿದ್ದು ಶಮ್ಸಾಳ ಆ ನಗು. ಬಯಲಿನದು ಆ ಗಿಡದ ದಾಯಾದಿ. ಅದರ ಎಲೆ ಅಂಗೈಯಂತಲ್ಲ, ಗರಿಯಂತೆ ಎರಡೂ ಬದಿಗೆ ಹರಿದುಕೊಂಡಿರುತ್ತದೆ. ಅದರ ಕಾಯಿಯ ಬಾಲ ಒಣಗಿದಾಗ ತಿರುಪಿನ ಮೊಳೆಯಂತೆ ಹುರಿಗೊಳ್ಳುತ್ತದೆ. ಹೂವಿನಲ್ಲಿ ಪರಾಗ ಹೊತ್ತ ಕೇಸರಗಳು ಬಯಲಿನದಕ್ಕೆ ಐದು, ಬೆಟ್ಟದ್ದಕ್ಕೆ ಹತ್ತು. ಇವೆಲ್ಲವನ್ನೂ ಮುಂದೆ ಪುಸ್ತಕಗಳಿಂದ ಕಲಿತೆ. ಪ್ರತಿ ಸಲ ಪುಟ ತಿರುವಿದಾಗಲೂ ಶಮ್ಸಾಳನ್ನು ಸೋಲಿಸುತ್ತಿದ್ದೇನೆ ಎನಿಸುತ್ತಿತ್ತು.

ಆಯಿ ಹೊರಡುವ ವಾರ ನನ್ನ ಹೊಟ್ಟೆ ಕೆಟ್ಟಿತು. ಶಾಲೆಯ ಹೊರಗೆ ಕುಡಿದ ಹಣ್ಣಿನ ರಸವೇ ಇರಬೇಕು. ಗೋಡೆಯಾಚೆಯಿಂದ ಒಣಗಿದ ಗಿಡ ತಂದು, ಊರಿನಿಂದ ತಂದಿದ್ದ ದಾಳಿಂಬೆ ಸಿಪ್ಪೆಯೊಂದಿಗೆ ಕುದಿಸಿ, ಸೋಸಿ, ಆಯಿ ನನ್ನ ಮಗ್ಗುಲಿಗೆ ಬಂದು ಕುಳಿತಳು. ಬಟ್ಟಲಿನಲ್ಲಿ ಒದ್ದೆ ಮಣ್ಣಿಗೂ ಚಹಾದ ಎಲೆಗೂ ನಡುವಣ ವಾಸನೆ.

“ಕುಡಿ.”

“ನನಗ ಬ್ಯಾಡ. ಶಮ್ಸಾಗ ಕೊಡು.”

“ಅಕಿ ಹೊಟ್ಟಿ ನೆಟ್ಟಗೈತಿ. ಕೆಟ್ಟಿದ್ದು ನಿಂದು. ಹೊಟ್ಟೀನೂ ಕೆಟ್ಟೈತಿ, ತಲೀನೂ ಕೆಟ್ಟೈತಿ.”

“ಮತ್ತ ಅಕಿ ನಾಲಿಗಿ ಮ್ಯಾಲೆ ಯಾಕ ಇಟ್ಟಿ?”

ಆಯಿ ಬಟ್ಟಲನ್ನು ಕೆಳಗಿಟ್ಟಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ.

“ಗಿಡಾ ಎಲ್ಲೈತಿ?”

“ಇಲ್ಲೆ.”

“ಅಕಿ ಎಲ್ಲಿರಾಕಿ?”

“ಇಲ್ಲೆ.”

“ನೀ?”

ನಾನು ಗೋಡೆಯತ್ತ ಹೊರಳಿ ಮಲಗಿದೆ.

“ನಿಮ್ಮಪ್ಪಗ ಕೆಲಸಾ ಕೊಟ್ಟ ಕಫೀಲ ಸಾಕ ಅಂದ ದಿನಾ ನೀವು ಗಂಟು ಕಟ್ಟಬೇಕು. ಅಕಿ ಮುದುಕಿ ಆಗೂತನಾ ಈ ಗಿಡದ ಮಗ್ಗಲದಾಗ ಇರ್ತಾಳ. ಇರಾಕಿ ಕಡೆ ಇರಬೇಕವಾ ಇಂಥಾದ್ದೆಲ್ಲಾ. ಹೋಗಾಕಿಗೆ ಕೊಟ್ಟು ಏನ ಮಾಡೂದು? ಕುಡಿ ಈಗ, ಆರತೈತಿ.”

ಕುಡಿದೆ. ನಾಲಿಗೆ ಮರದ ಹಲಗೆಯಂತಾಯಿತು. ಮರುದಿನಕ್ಕೆ ಹೊಟ್ಟೆ ನೆಟ್ಟಗಾಯಿತು.

ಆಯಿಯ ಲೆಕ್ಕ ತಪ್ಪಿತು. ಹೋಗುವವಳೆಂದು ಅವಳು ಎಣಿಸಿದ್ದ ನಾನು ಮದುವೆಯಾಗಿ ಮತ್ತೆ ಇದೇ ದೇಶಕ್ಕೆ ಬಂದೆ. ಗಂಡನಿಗೆ ಸೊಹಾರ್ ಬಂದರಿನಲ್ಲಿ ಕೆಲಸ; ನಾನು ಕಳೆದ ವರ್ಷದವರೆಗೂ ಇಲ್ಲಿನ ಮಕ್ಕಳಿಗೆ ಪಾಠ ಹೇಳಿದೆ. ಆಯಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಘಾಲಾದ ಬಯಲಿನ ಮೇಲೆ ಗೋದಾಮುಗಳು ಎದ್ದಿವೆ. ಚಳಿಗಾಲದಲ್ಲಿ ಬೆಟ್ಟಕ್ಕೆ ಹೋದಾಗಲೆಲ್ಲ ಆ ಗಿಡವನ್ನು ಹುಡುಕುತ್ತೇನೆ. ದೂರದಿಂದಲೇ ಗುರುತಿಸುತ್ತೇನೆ, ಒಮ್ಮೆಯೂ ತಪ್ಪಿಲ್ಲ. ಆದರೆ ಹಿಡಿ ಗಿಡಕ್ಕೆ ನೀರೆಷ್ಟು, ಸಿಪ್ಪೆಯೆಷ್ಟು, ಎಷ್ಟು ಇಂಗಿಸಬೇಕು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹೋದ ಚಳಿಗಾಲ ರುಸ್ತಾಖ್ ಕಡೆ ಹೋದವಳು ಶಮ್ಸಾಳ ಮನೆ ಕೇಳಿಕೊಂಡು ಹೋದೆ. ಉಮ್ಮ್ ಸಾಲಿಮ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬಾಗಿಲು ತೆರೆದ ಶಮ್ಸಾ ನನ್ನನ್ನು ಕ್ಷಣ ನೋಡಿ, ಗುರುತು ಹಿಡಿದು, ತಬ್ಬಿಕೊಂಡಳು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಮಗನಿಗೆ ಹೊಟ್ಟೆ ಸರಿಯಿಲ್ಲವಂತೆ.

“ಉಮ್ಮ್ ಈರಣ್ಣ ಹೇಳಿಕೊಟ್ಟಂತೆಯೇ ಮಾಡುತ್ತೇನೆ, ಇವತ್ತಿಗೂ” ಎಂದಳು.

“ಯಾರು?”

“ನಿನ್ನ ಅಜ್ಜಿ.”

ಇಲ್ಲಿ ಹಿರಿಯ ಹೆಂಗಸನ್ನು ಚೊಚ್ಚಲ ಮಗನ ಹೆಸರು ಹಿಡಿದು, ಇಂಥವನ ತಾಯಿ ಎಂದು ಕರೆಯುವುದು ಮರ್ಯಾದೆ. ನಾನು ತಕ್ಷಣ ತಿದ್ದಿದೆ. “ಅಜ್ಜಿಯ ಹಿರಿಯ ಮಗ ನನ್ನ ತಂದೆ. ತಂದೆಯ ಹೆಸರು ಬಸವರಾಜ.”

“ನಿನ್ನ ತಂದೆ ಎರಡನೆಯವರು” ಎಂದಳು ಶಮ್ಸಾ, ಸೌಟು ಆಡಿಸುತ್ತಲೇ. “ಒಂದು ಮಧ್ಯಾಹ್ನ ನಮ್ಮ ಅಜ್ಜಿ ತನ್ನ ಎದೆ ಮುಟ್ಟಿಕೊಂಡು ‘ಉಮ್ಮ್ ಸಾಲಿಮ್’ ಅಂದಳು. ಆಮೇಲೆ ನಿನ್ನ ಅಜ್ಜಿಯ ಎದೆ ಮುಟ್ಟಿ ‘ಉಮ್ಮ್…?’ ಅಂದಳು. ನಿನ್ನ ಅಜ್ಜಿ ಕೈಯಲ್ಲಿದ್ದ ಗಿಡವನ್ನು ಚಾಪೆಯ ಮೇಲಿಟ್ಟಳು. ಆಮೇಲೆ ‘ಈರಣ್ಣ’ ಅಂದಳು. ಕೈಯನ್ನು ಇಷ್ಟೆತ್ತರಕ್ಕೆ ಹಿಡಿದಳು.” ಶಮ್ಸಾ ತನ್ನ ಮೊಣಕಾಲಿನ ಬಳಿ ಅಂಗೈ ಚಾಚಿ ತೋರಿಸಿದಳು. “ನೋವೆಂಬಂತೆ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಎರಡೂ ಕೈ ಬಿಡಿಸಿ ಖಾಲಿ ತೋರಿಸಿದಳು. ನಮ್ಮ ಅಜ್ಜಿ ಎರಡು ಬೆರಳು ಎತ್ತಿದಳು; ಅವಳ ಮಕ್ಕಳಲ್ಲೂ ಇಬ್ಬರು ಹೋಗಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳು ಉಮ್ಮ್ ಈರಣ್ಣ. ನಿನಗೆ ಗೊತ್ತಿರಲಿಲ್ಲವೆ?”

ಗೊತ್ತಿರಲಿಲ್ಲ. ಅಪ್ಪ ಎಂದೂ ಹೇಳಿರಲಿಲ್ಲ. ಅವನಿಗಾದರೂ ಗೊತ್ತಿತ್ತೋ ಇಲ್ಲವೋ, ಕೇಳಲು ಈಗ ಊರಿನಲ್ಲಿ ಆ ತಲೆಮಾರಿನವರು ಯಾರೂ ಉಳಿದಿಲ್ಲ. ಆ ಮಧ್ಯಾಹ್ನ ನಾನು ಗೋಡೆಯ ಈಚೆ ಕುಳಿತು ಅರಬ್ಬೀ ಪಾಠ ಬರೆಯುತ್ತಿದ್ದಿರಬೇಕು. ಒಂದು ವೇಳೆ ಅಲ್ಲಿದ್ದಿದ್ದರೆ, ಆಯಿ ಬಾಯಿ ತೆರೆಯುವ ಮೊದಲೇ ನಾನು ನನ್ನ ತಂದೆಯ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸುತ್ತಿದ್ದೆ, ಮತ್ತು ಆಯಿ ಸುಮ್ಮನಿರುತ್ತಿದ್ದಳು.

ಹತ್ತನೆಯ ವಯಸ್ಸಿನಲ್ಲಿ ಕಾಡಿದ ಹೊಟ್ಟೆಕಿಚ್ಚು ಮಕ್ಕಳಾಟಿಕೆಯದು, ಎಂದೋ ಆರಿತೆಂದುಕೊಂಡಿದ್ದೆ. ಅಂದು ಆ ಅಡುಗೆಮನೆಯಲ್ಲಿ ಹತ್ತಿದ್ದು ಬೇರೆ. ನನ್ನ ಮನೆಯ ಒಂದು ಸಾವು ಇಷ್ಟು ವರ್ಷ ಈ ಮನೆಯಲ್ಲಿ ಬಾಳಿತ್ತು, ದಿನಬಳಕೆಯ ಹೆಸರಾಗಿ. ಶಮ್ಸಾಳ ಮಕ್ಕಳೂ ಆ ಹೆಸರನ್ನು ಬಲ್ಲವರು. ನಾನು ಬಲ್ಲವಳಲ್ಲ.

ಸೊಹಾರಿಗೆ ಹಿಂದಿರುಗಲು ಹೊತ್ತಾಗಿತ್ತು. ಕಾರಿನಲ್ಲಿ ಗಂಡ ಕಾಯುತ್ತಿದ್ದ. ನಾನು ಏಳಲಿಲ್ಲ. ನನ್ನ ದೊಡ್ಡಪ್ಪನ ವಿಷಯ ಕೇಳಬೇಕಾದರೆ ಈ ಲೋಕದಲ್ಲಿ ಉಳಿದಿದ್ದವಳು ಶಮ್ಸಾ ಒಬ್ಬಳೇ. ಚಾಪೆಯ ಮೇಲೆ ಕಾಲು ಮಡಚಿ ಕುಳಿತು, ಆಯಿ ಈರಣ್ಣನ ಬಗ್ಗೆ ಇನ್ನೇನು ಹೇಳಿದ್ದಳೆಂದು ಅವಳನ್ನೇ ಕೇಳಿದೆ.