ಒಳಗ ಯಾರ ಅದೀರಿ?

ಸಿಂದಗಿಯ ಟೈಪಿಂಗ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ, ಕಂಪ್ಯೂಟರಿನ ಫ್ಯಾನು ಸಪ್ಪಳ ಮಾಡತೊಡಗಿದರೆ ಬಾಗೇವಾಡಿಯಿಂದ ಒಬ್ಬ ರಿಪೇರಿಯವರು ಬಸ್ಸಿಗೆ ಬರುತ್ತಿದ್ದರು. ಕೈಚೀಲದಲ್ಲಿ ಬಣ್ಣ ಹಚ್ಚುವ ಬ್ರಷ್ಷು, ಸೈಕಲ್ ಪಂಪು, ಹೊಲಿಗೆ ಯಂತ್ರದ ಎಣ್ಣೆ. ದಪ್ಪ ಮೀಸೆಯ ಆ ಮನುಷ್ಯ ಸಿಪಿಯು ಬಿಚ್ಚುವ ಮೊದಲು ಅದನ್ನು ಮೂರು ಸಲ ಬಡಿದು, “ಒಳಗ ಯಾರ ಅದೀರಿ?” ಎಂದು ಕೇಳಿ, ಕಿವಿಗೊಟ್ಟು ನಿಲ್ಲುತ್ತಿದ್ದರು. ನಾವು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು.

“ನಗ್ರಿ ಅಕ್ಕಾರ, ನಗ್ರಿ. ಬೆಚ್ಚಗಿನ ಜಾಗಾ ಯಾರಿಗೆ ಬ್ಯಾಡ?”

ಒಂದು ಮಳೆಗಾಲದಲ್ಲಿ ನನ್ನ ಕಂಪ್ಯೂಟರಿನ ಫ್ಯಾನು ಗರಗರ ಎನ್ನತೊಡಗಿ ವಾರವಾಗಿತ್ತು. ಅವರು ಬಂದು ಬಡಿದರು, ಕೇಳಿದರು, ನಿಂತರು. ಪಕ್ಕದ ತಗಡು ಸರಿಸಿ ಬ್ರಷ್ಷಿನ ತುದಿಯಿಂದ ಧೂಳಿನ ಉಂಡೆಯೊಂದನ್ನು ಎತ್ತಿದರು. ಕೈ ಅಲ್ಲೇ ನಿಂತಿತು.

“ಹಿಂದ ಸರೀರಿ” ಎಂದರು, ಪಿಸುದನಿಯಲ್ಲಿ.

ಫ್ಯಾನಿನ ಕೆಳಗೆ, ಅರಳೆಯಂಥ ಧೂಳಿನಲ್ಲಿ, ಒಂದು ಕರಿಚೇಳು ಕೊಂಡಿ ಎತ್ತಿ ನಿಂತಿತ್ತು. ಬೆನ್ನ ತುಂಬ ಬಿಳಿಯ ಮರಿಗಳು.

ಅದನ್ನು ಖಾಲಿ ಡಬ್ಬಿಯೊಂದರಲ್ಲಿ ಹಿಡಿದು ದೂರ ಬಿಟ್ಟು ಬಂದರು. ಬೆವರು ಒರೆಸಿಕೊಂಡು ಕಂಪ್ಯೂಟರಿನ ಗುಂಡಿ ಒತ್ತಿದರು. ಫ್ಯಾನು ಅಲುಗಲಿಲ್ಲ. ಬ್ರಷ್ಷಿನಿಂದ ಸ್ವಲ್ಪ ದೂಡಿದರು, ಗರಗರ ತಿರುಗಿತು.

“ದೂಡಲಾರದ ಇದು ತಿರುಗೂದಿಲ್ಲ. ತಗಡಿನ ಸ್ಕ್ರೂನೂ ಬಿಚ್ಚೈತಿ. ಇಷ್ಟ ದಿನ ಮುಂಜಾನಿ ಮುಂಜಾನಿ ಹ್ಯಾಂಗ ಚಾಲೂ ಮಾಡಿದ್ರಿ, ಅಕ್ಕಾರ?”

ನಾನು ತೋರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡೆ.