ಹೊಸನಗರದಲ್ಲಿ ನೀಲಿ-ಹಸಿರು ಜೋಡಾಟ

ಗೇಮ್ ಕನ್ಸೋಲ್ ಅನ್ನೋ ಪೆಟ್ಟಿಗೆ ನೋಡೋಕೆ ಟಿಫನ್ ಕ್ಯಾರಿಯರಿಗಿಂತ ಸಪ್ಪೆ. ಆದ್ರೆ ಅದರ ಹೆಸರಲ್ಲಿ ನಡೆಯೋ ಜಗಳದ ಮುಂದೆ ಪಂಚಾಯ್ತಿ ಎಲೆಕ್ಷನ್ ಕೂಡ ಭಜನೆ ಥರ ಕೇಳುತ್ತೆ. ಯಾರದ್ದು ಜಾಸ್ತಿ ಮಾರಾಟ ಆಯ್ತು, ಯಾರದ್ದು ಜಾಸ್ತಿ ದಿನ ಬಾಳುತ್ತೆ ಅಂತ ಪ್ರಪಂಚದ ತುಂಬ ಕಿತ್ತಾಡ್ತಾರಂತೆ. ನಮ್ಮ ಕಡೆ ಲೆಕ್ಕ ಸಲೀಸು. ತೀರ್ಥಹಳ್ಳಿಯಲ್ಲಿ ನಂದೊಂದು, ನೀಲಿ ಲೈಟಿಂದು. ಸಾಗರದಲ್ಲಿ ಸೋದರಮಾವನ ಮಗ ಶಶಾಂಕಂದೊಂದು, ಹಸಿರು ಲೈಟಿಂದು. ಬೇರೆ ಯಾರ ಹತ್ರಾನೂ ಇಲ್ವಾ ಅಂತ ಕೇಳ್ಬೇಡಿ. ಇರಬಹುದು. ಅವರನ್ನೆಲ್ಲ ಸೇರಿಸಿದ್ರೆ ನನ್ನ ಬೆಲೆ ಕಮ್ಮಿಯಾಗುತ್ತೆ.

ಹೀಗೆ ಮಾರುಕಟ್ಟೆ ಸಮಸಮ ಇರೋವಾಗ, ನಡುವಿನ ಹೊಸನಗರದಲ್ಲಿ ಬಾಂಬ್ ಬಿತ್ತು. ಅಲ್ಲಿರೋ ಚಿಕ್ಕಮ್ಮನ ಮಗ ನಿಶ್ಚಿತ್‌ಗೆ ಚಿಕ್ಕಪ್ಪ ಒಂದು ಕನ್ಸೋಲ್ ಕೊಡಿಸ್ತೀನಿ ಅಂದ್ರು. ಹೆಸರು ನಿಶ್ಚಿತ್, ಆದ್ರೆ ಮಸಾಲೆ ದೋಸೆನಾ ಸೆಟ್ ದೋಸೆನಾ ಅಂತ ಹೇಳೋಷ್ಟರಲ್ಲಿ ಹೋಟೆಲ್ ಬಾಗಿಲು ಹಾಕಿರ್ತಾರೆ. ಈಗ ಪ್ರಪಂಚದ ಭವಿಷ್ಯ ಅವನ ಕೈಲಿ. ಪ್ರಪಂಚ ಅಂದ್ರೆ ನಂದು. ಯಾಕಂದ್ರೆ ನಾವಾಡೋ ಫುಟ್ಬಾಲ್ ಆಟದಲ್ಲಿ ನೀಲಿಯವರು ನೀಲಿಯವರ ಜೊತೆ ಮಾತ್ರ ಆನ್‌ಲೈನ್ ಆಡೋಕಾಗೋದು. ನಿಶ್ಚಿತ್ ಹಸಿರು ತಗೊಂಡ್ರೆ ಅವರಿಬ್ರೂ ಒಂದು. ನಾನು ತೀರ್ಥಹಳ್ಳಿಯಲ್ಲಿ ಕೂತು ಕಂಪ್ಯೂಟರ್ ಜೊತೆ ಆಡ್ಬೇಕು. ಕಂಪ್ಯೂಟರ್‌ಗೆ ಬೈದ್ರೆ ಅದು ತಿರುಗಿ ಬೈಯೋದೇ ಇಲ್ಲ. ಅದೂ ಒಂದು ಬಾಳಾ?

ಸರಿ, ಪ್ರಚಾರ ಶುರು. ಮೂರು ಜನರ ವಾಟ್ಸಾಪ್ ಗ್ರೂಪಲ್ಲಿ ಶಶಾಂಕ ಮೊದಲ ಏಟು ಹೊಡೆದ. "ಭಾವಾ, ನಿನ್ನ ಪೆಟ್ಟಿಗೆ ಆನ್ ಮಾಡಿದ್ರೆ ಪಕ್ಕದ್ಮನೆಯವ್ರು ಅಕ್ಕಿಮಿಲ್ ಅಂದ್ಕೊಂಡು ಭತ್ತ ತಗೊಂಡ್ ಬರ್ತಾರಂತೆ, ಹೌದಾ?"

"ನಿನ್ನದರೊಳಗೆ ಹಲ್ಲಿ ಸಂಸಾರ ಹೂಡಿದ್ಯಂತಲ್ಲ ಭಾವಾ, ಬಾಡಿಗೆ ಸರಿಯಾಗಿ ಕೊಡ್ತದಾ?" ಅಂದೆ ನಾನು.

ಬಾಳಿಕೆ ವಿಷಯದಲ್ಲಿ ನನ್ನ ಹತ್ರ ಒಂದು ಬ್ರಹ್ಮಾಸ್ತ್ರ ಇತ್ತು. ಆಯುಧ ಪೂಜೆ ದಿನ ಅಮ್ಮ ಬೈಕು, ಮಿಕ್ಸಿ, ಹೊಲಿಗೆ ಮಿಷನ್ ಜೊತೆ ನನ್ನ ಕನ್ಸೋಲಿಗೂ ಧಾರಾಳವಾಗಿ ಕುಂಕುಮ ಹಾಕಿದ್ರು, ಸರಿಯಾಗಿ ಗಾಳಿ ಬರೋ ಕಿಂಡಿಗೇ. ಆನ್ ಮಾಡಿದ ಕೂಡ್ಲೆ ಒಳಗಿನ ಫ್ಯಾನ್ ಅದನ್ನೆಲ್ಲ ವಾಪಸ್ ಉಗುಳ್ತು. ಬಗ್ಗಿ ನೋಡ್ತಿದ್ದ ಅಪ್ಪ ಅರ್ಧ ಮುಖ ಕೆಂಪಗೆ ಮಾಡ್ಕೊಂಡು, ಯಕ್ಷಗಾನದ ರಾಕ್ಷಸ ಬಣ್ಣ ಹಚ್ಚೋ ಚೌಕಿಯಿಂದ ಅವಸರದಲ್ಲಿ ಎದ್ದು ಬಂದಂಗೆ ನಿಂತಿದ್ರು. ಪೆಟ್ಟಿಗೆಗೆ ಮಾತ್ರ ಏನೂ ಆಗ್ಲಿಲ್ಲ. ಕಂಪನಿಯವರು ಏನೇನೋ ಟೆಸ್ಟ್ ಮಾಡ್ತಾರಂತೆ. ಮಾಡ್ಲಿ. ಕುಂಕುಮ ಹಾಕಿ ನೋಡಿದಾರಾ?

ನಮ್ಮ ಗಲಾಟೆ ಫೋನಿಂದ ಫೋನಿಗೆ ಹಬ್ಬಿ, ಕೊನೆಗೆ ನಿಶ್ಚಿತನ ಅಜ್ಜಿ ಕಿವಿಗೂ ಬಿತ್ತು. ಅಜ್ಜಿ ಯಕ್ಷಗಾನದ ಹುಚ್ಚಿನವರು. "ಬಾಯಲ್ಲೇ ಎಂತ ಯುದ್ಧನಾ ನಿಮ್ದು? ಎರಡೂ ಇಲ್ಲಿಗೆ ತನ್ರಾ. ಪಕ್ಕಪಕ್ಕ ಇಟ್ಟು ಜೋಡಾಟ ಆಡ್ಸಿ" ಅಂದ್ರು.

ಜೋಡಾಟ ಅಂದ್ರೆ ಗೊತ್ತಲ್ಲ, ಒಂದೇ ಬಯಲಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಈ ಕಡೆಯವ ಗಿರಕಿ ಹೊಡೆದ್ರೆ ಆ ಕಡೆಯವ ತಲೆ ತಿರುಗೋ ತನಕ ಹೊಡೀತಾನೆ. ಜನ ಯಾವ ಕಡೆ ವಾಲ್ತಾರೋ ಆ ಮೇಳ ಗೆದ್ದಂಗೆ. ನಮ್ಮ ರೂಲ್ಸೂ ಅಷ್ಟೇ. ಬೆಳಗ್ಗೆ ಆನ್ ಮಾಡಿದ್ದು ಸಂಜೆ ತನಕ ಆಫ್ ಮಾಡಂಗಿಲ್ಲ. ಯಾವುದು ಸುಸ್ತಾಗಿ ಮಲಗುತ್ತೋ ಅದು ಸೋತಂಗೆ, ಗೆದ್ದಿದ್ದನ್ನ ನಿಶ್ಚಿತ್ ತಗೋಬೇಕು.

ಭಾನುವಾರ ಬಸ್ಸಲ್ಲಿ ಕನ್ಸೋಲನ್ನ ಹಸುಗೂಸಿನ ಥರ ತೊಡೆ ಮೇಲೆ ಇಟ್ಕೊಂಡು ಹೊರಟೆ. ಕಂಡಕ್ಟರ್ ಕೇಳಿದ್ರು, "ಎಂತದಾ ಅದು, ಕುಕ್ಕರಾ?"

"ಅಲ್ಲಣ್ಣ, ಮರ್ಯಾದೆ" ಅಂದೆ.

"ಹಂಗಾರೆ ಗಟ್ಟಿ ಹಿಡ್ಕೋ, ಮುಂದೆ ರೋಡ್ ಸರಿಯಿಲ್ಲ."

ಹೊಸನಗರದ ಮನೆ ತುಂಬ ಜಾತ್ರೆ ಥರ ಜನ. ಮನೆ ಟಿವಿ ಶಶಾಂಕಂಗೆ, ಪಕ್ಕದ್ಮನೆಯಿಂದ ಹೊತ್ತು ತಂದಿದ್ದು ನಂಗೆ. ಅಕ್ಕಪಕ್ಕದ ಮಕ್ಕಳೆಲ್ಲ ಬಿಸ್ಕತ್ ಡಬ್ಬ ಬಡಿದು ಚಂಡೆ ಬಾರಿಸ್ತಾ ಇದ್ರು. ನಾನು ಗೋಲ್ ಹೊಡೆದ್ರೆ ಈ ಕಡೆ ವಾಲ್ತಾರೆ, ಶಶಾಂಕ ಹೊಡೆದ್ರೆ ಆ ಕಡೆ. ಎರಡು ಪೆಟ್ಟಿಗೆನೂ ಗುಂಯ್ ಅಂತ ಉಸಿರು ಬಿಡ್ತಾ ಇದ್ವು. ಮಧ್ಯಾಹ್ನ ಆಟ ಹಂಗೇ ಬಿಟ್ಟು, ಆಫ್ ಮಾಡದೆ, ಚಿಕ್ಕಮ್ಮನ ಕಡುಬು-ಕೋಳಿಸಾರಿಗೆ ಕೂತ್ವಿ. ಎದ್ದು ಬಂದು ನೋಡಿದ್ರೆ ನನ್ನ ಟಿವಿ ಕಪ್ಪು.

ಅಜ್ಜಿ ಮನೇಲಿ ಯಾವ ವಸ್ತುವೂ ಬರಿಮೈಯಲ್ಲಿ ಇರಂಗಿಲ್ಲ. ಮಿಕ್ಸಿಗೆ ಲಂಗ, ಫ್ರಿಜ್ಜಿಗೆ ಟೋಪಿ, ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ನಾವು ಊಟಕ್ಕೆ ಕೂತಾಗ ಅಜ್ಜಿ ನಮ್ಮ ಪೆಟ್ಟಿಗೆಗಳಿಗೂ ಉಡಿಸಿದ್ರು. ಶಶಾಂಕಂದಕ್ಕೆ ತೂತುತೂತಿನ ಕ್ರೋಶಾ ಬಟ್ಟೆ. ನಂದಕ್ಕೆ, ಚಿಕ್ಕಪ್ಪಂಗೆ ಸನ್ಮಾನದಲ್ಲಿ ಹೊದೆಸಿದ್ದ ಜರಿ ಅಂಚಿನ ದಪ್ಪ ಶಾಲು.

"ಧೂಳು ಕೂರ್ತದೆ ಅಂತ ಕಣಾ ಮಗಾ. ನೀನು ಅಪರೂಪಕ್ಕೆ ಬರೋನಲ್ವಾ, ನಿಂದಕ್ಕೆ ಒಳ್ಳೇದೇ ಹೊದೆಸ್ದೆ."

ಸನ್ಮಾನದಿಂದ ಉಸಿರುಗಟ್ಟಿ ಬಿದ್ದ ಮೊದಲ ಕನ್ಸೋಲ್ ನಂದೇ ಇರ್ಬೇಕು. ಮುಟ್ಟಿದ್ರೆ ದೋಸೆ ಕಾವಲಿ. ಶಶಾಂಕ ಈಗ ಕುಣೀತಾನೆ ಅಂತ ಕಣ್ಣು ಮುಚ್ಕೊಂಡೆ. ಬಿಟ್ಟು ನೋಡಿದ್ರೆ ಅವನ ಟಿವಿ ಮುಂದೆ ಒಂದು ಮಗುವೂ ಚಂಡೆ ಬಡೀತಿರ್ಲಿಲ್ಲ.

"ಥೋ, ಎದುರು ಮೇಳನೇ ಮಲ್ಗಿದ್ರೆ ಇದೆಂತ ಜೋಡಾಟ ಮಾರಾಯ" ಅಂದ. ಗೋಡೆಗೆ ಸಿಕ್ಕಿಸಿದ್ದ ಅಡಿಕೆ ಹಾಳೆ ಬೀಸಣಿಗೆ ಎಳ್ಕೊಂಡು, ಹಸಿರು ಪಾರ್ಟಿಯ ಅಖಿಲ ಸಾಗರ ಅಧ್ಯಕ್ಷ ನನ್ನ ನೀಲಿ ಪೆಟ್ಟಿಗೆಗೆ ಗಾಳಿ ಹಾಕೋಕೆ ಕೂತ. ಅಜ್ಜಿನೂ ಸೆರಗಲ್ಲಿ ಬೀಸಿದ್ರು. ಎಷ್ಟೋ ಹೊತ್ತಾದ್ಮೇಲೆ ಬಟನ್ ಒತ್ತಿದ್ರೆ ನೀಲಿ ಲೈಟ್ ಬಂತು ನೋಡಿ, ಮನೆ ಹೆಂಚು ಹಾರೋ ಹಂಗೆ ಕೂಗಾಟ. ಎಲ್ರಿಗಿಂತ ಜೋರಾಗಿ ಕೂಗಿದ್ದು ಶಶಾಂಕ.

ಸಂಜೆ ತೀರ್ಪು. ದಿನವಿಡೀ ಎರಡೂ ಕಡೆ ಕೂತು ಆಡಿ, ಎರಡೂ ಪಾರ್ಟಿಯಿಂದ ಚಾಕ್ಲೇಟ್ ತಿಂದಿದ್ದ ನಿಶ್ಚಿತ್ ಗಂಭೀರವಾಗಿ ಹೇಳಿದ, "ಶಾಲಿಂದ ಮಲಗಿದ್ದು ಸೋಲಲ್ಲ. ಮುಂದಿನ ಭಾನುವಾರ ಇನ್ನೊಂದ್ಸಲ ತನ್ನಿ."

ತಂದ್ವಿ. ಆಮೇಲಿನ ಭಾನುವಾರನೂ ತಂದ್ವಿ. ಒಂದ್ಸಲ ಅದು ಗೆಲ್ಲುತ್ತೆ, ಒಂದ್ಸಲ ಇದು, ನಿಶ್ಚಿತ್ ಮಾತ್ರ ಪ್ರತಿಸಲ ಇನ್ನೊಂದ್ಸಲ ನೋಡಾಣ ಅಂತಾನೆ. ನಂಗೆ ಜೊತೆಗೊಬ್ಬ ಬೇಕಿತ್ತು, ಈಗ ಇಬ್ರು ಸಿಕ್ಕಿದ್ದಾರೆ, ಒಬ್ಬನೂ ನನ್ನ ಪಾರ್ಟಿಯವನಲ್ಲ. ಮೊನ್ನೆ ಚಿಕ್ಕಪ್ಪ, "ನಾಳೆ ಶಿವಮೊಗ್ಗಕ್ಕೆ ಹೋಗ್ತೀನಿ, ಯಾವ್ದು ತರ್ಲಿ ಹೇಳು" ಅಂದ್ರಂತೆ. ನಿಶ್ಚಿತ್ ಗಾಬರಿಯಾಗಿ ನಮ್ಮಿಬ್ರಿಗೂ ಫೋನ್ ಹಚ್ಚಿದ. ಹಸಿರು ಪಾರ್ಟಿ, ನೀಲಿ ಪಾರ್ಟಿ ಇತಿಹಾಸದಲ್ಲೇ ಮೊದಲ ಸಲ ಒಂದೇ ಬಾಯಲ್ಲಿ ಹೇಳಿದ್ವಿ:

"ಅವಸರ ಮಾಡ್ಬೇಡ ಮಾರಾಯ, ಇನ್ನೂ ಸ್ವಲ್ಪ ಯೋಚ್ನೆ ಮಾಡು!"